ಕಿಟಕಿಯಿಂದ ಕಾಣೆಯಾದ ಕಣ್ಣು

ಕಣ್ಣು ಮತ್ತೆ ಕಾಣೆಯಾಗಿತ್ತು.

ಕುಂಚದ ತುದಿಗೆ ಸಾಸಿವೆ ಹಳದಿಯನ್ನು ಹದವಾಗಿ ತಾಗಿಸಿಕೊಂಡು ದೊಡ್ಡಮ್ಮ ತಲೆಯೆತ್ತಿದರು. ಎದುರಿನ ಕಂಪ್ಯೂಟರ್ ಪರದೆಯ ಕಿಟಕಿಯಲ್ಲಿ ಆವರೆಗೆ ಅಂಗೈಯಗಲ ಹಿಗ್ಗಿ ಕುಳಿತಿದ್ದ ಬಡಗಿಯ ಬಲಗಣ್ಣು ಇರಲಿಲ್ಲ. ಚೌಕಟ್ಟು ಇತ್ತು. ಮೇಲಿನ ಸಾಲಿನ ಬಟನ್‌ಗಳಿದ್ದವು; ಅವುಗಳ ಮೇಲಿನ ಭೂತಗನ್ನಡಿ, ಕತ್ತರಿ, ಸೂರ್ಯನ ಪುಟ್ಟ ಚಿತ್ರಗಳೂ ಇದ್ದವು. ಮೂಲೆಯಲ್ಲಿ ಗಡಿಯಾರದ ಅಂಕಿಗಳು ಓಡುತ್ತಿದ್ದವು. ನಡುವೆ ಮಾತ್ರ ಬೂದು ಬಣ್ಣದ ಖಾಲಿ ಚೌಕ — ತೊಳೆದು ಬೋರಲು ಹಾಕಿದ ತಟ್ಟೆಯ ಹಾಗೆ.

ಕುಂಚವನ್ನು ಬಣ್ಣದ ಬಟ್ಟಲಿನ ಅಂಚಿಗೆ ಒರಗಿಸಿಟ್ಟರು.

ಅದು ಕೃತಕ ಕಣ್ಣು ಮಾಡುವ ಕಾರ್ಯಾಗಾರ. ಒಂದು ಕಣ್ಣು ಕಳೆದುಕೊಂಡವರಿಗೆ, ಉಳಿದ ಕಣ್ಣಿಗೆ ಜೋಡಿಯಾಗುವಂಥದನ್ನು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದು, ಬಣ್ಣ ಬರೆದು, ಕೆಂಪು ರೇಷ್ಮೆನೂಲಿನ ಎಳೆಗಳನ್ನು ಸೀಳಿ ನರಗಳಾಗಿ ಅಂಟಿಸಿ, ಒಲೆಯಲ್ಲಿ ಬೇಯಿಸಿ ಕೊಡುತ್ತಿದ್ದರು. ಬಣ್ಣ ಬರೆಯುವ ಮೇಜುಗಳು ಎರಡು. ಒಂದು, ಅಲ್ಲಿನವರೆಲ್ಲ ದೊಡ್ಡಮ್ಮ ಎಂದೇ ಕರೆಯುವ ಈ ಹಿರಿಯಾಕೆಯದು. ಅವರು ಬರೆದ ಕಣ್ಣು ಹಾಕಿಕೊಂಡವರ ಮಕ್ಕಳೇ ಯಾವುದು ಹುಟ್ಟಿದ್ದು, ಯಾವುದು ಮಾಡಿದ್ದು ಎಂದು ಮರೆತುಬಿಡುತ್ತಿದ್ದರು. ಅದಕ್ಕೆ ಅವರ ಉಪಾಯ ಒಂದೇ: ಉಳಿದ ಕಣ್ಣಿನ ಫೋಟೋ ತೆರೆದು, ಬೆಳಕನ್ನೂ ಅಳತೆಯನ್ನೂ ತಿದ್ದಿ ತಿದ್ದಿ ನಿಜದ ಕಣ್ಣಿನ ಹದಕ್ಕೆ ತಂದು, ಆಮೇಲೆ ಅದರ ಮುಂದೆ ಗಂಟೆಗಟ್ಟಲೆ ಸುಮ್ಮನೆ ಕೂರುವುದು. ಕೈಕಟ್ಟಿ ನೋಡುವುದು. ಬಳಿಕ ಕುಂಚ.

ಫೋಟೋ ತೋರಿಸುವ ಆ ಪ್ರೋಗ್ರಾಂ ಬರೆದವರು ಅವರ ಗಂಡ. ಆತ ತೀರಿಕೊಂಡು ವರ್ಷಗಳಾದವು. ಪ್ರೋಗ್ರಾಂ ಮಾತ್ರ ಒಂದು ದಿನವೂ ರಜೆ ಹಾಕಿರಲಿಲ್ಲ — ಕಳೆದ ತಿಂಗಳವರೆಗೆ.

"ಮತ್ತೆ ಹೋಯ್ತಾ?" ಬಾಗಿಲಲ್ಲಿ ಕಾರ್ಯಾಗಾರದ ಯಜಮಾನರು.

ಪಕ್ಕದ ಮೇಜಿನಿಂದ ಚುರುಕ ಎದ್ದು ಬಂದ. ಯಜಮಾನರ ಅಕ್ಕನ ಮಗ. ಎಣ್ಣೆ ಕಾಯುವ ಮೊದಲೇ ಹಪ್ಪಳ ಕರಿದಾಯಿತು ಎನ್ನುವ ಆಸಾಮಿ. ಅದಕ್ಕೇ ಆ ಅಡ್ಡಹೆಸರು. ಮೌಸ್ ಹಿಡಿದು ಎರಡು ಸಲ ಟಕಟಕ ಮಾಡಿದ. ಬಡಗಿಯ ಕಣ್ಣು ಬಂದು ಕುಳಿತಿತು.

"ಇದೆಯಲ್ಲ ದೊಡ್ಡಮ್ಮ! ಇಟ್ಟಲ್ಲೇ ಇದೆ. ಯಾರೂ ಕದ್ದಿಲ್ಲ."

ಇತ್ತು, ನಿಜ. ಆದರೆ ಬೆಳಗಿನಿಂದ ತಿದ್ದಿ ಹದಕ್ಕೆ ತಂದ ಬೆಳಕು ಇರಲಿಲ್ಲ. ಕಣ್ಣು ಈಗ ಬಿಸಿಲಿಗೆ ಒಣಗಲು ಹಾಕಿದಂತೆ ಬಿಳಚಿಕೊಂಡಿತ್ತು.

"ನಾನು ಏನನ್ನೂ ಮುಟ್ಟಿಲ್ಲ," ಎಂದರು ದೊಡ್ಡಮ್ಮ.

"ಹೋದ ವಾರಾನೂ ಮುಟ್ಟಿರ್ಲಿಲ್ಲ. ಅದರ ಹಿಂದಿನ ವಾರಾನೂ," ಎಂದರು ಯಜಮಾನರು. ಗಟ್ಟಿಯಾಗಿ ಗದರಿದ್ದರೆ ದೊಡ್ಡಮ್ಮ ತಾಳಿಕೊಳ್ಳುತ್ತಿದ್ದರು, ದನಿ ಮೆತ್ತಗಿತ್ತು. "ನೋಡಿ ದೊಡ್ಡಮ್ಮ, ಬಡಗಿ ನಾಳೆ ಬರ್ತಾರೆ. ಇದನ್ನ ಇವನು ಮುಗಿಸ್ಲಿ. ನೀವು ಇನ್ಮೇಲೆ ನೂಲಿನ ಕೆಲಸ ನೋಡ್ಕೊಂಡ್ರೆ ಸಾಕು. ಅದೂ ದೊಡ್ಡ ಕೆಲಸಾನೇ."

ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ಅರವತ್ತು ದಾಟಿದವರ ಎದುರು ಯಾರೂ ಆಡುವುದಿಲ್ಲ. ಮೆತ್ತಗಿನ ದನಿಯಲ್ಲಿ ಮಡಿಸಿಟ್ಟು ಕೊಡುತ್ತಾರೆ. ದೊಡ್ಡಮ್ಮ ಕುಂಚ ತೊಳೆದರು. ಜಾಗ ಹೋಗುವುದು ಒಂದು ಸಂಕಟ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು — ಮುಟ್ಟಿಲ್ಲ ಎಂದೆನಲ್ಲ, ನಿಜವಾಗಿ ಮುಟ್ಟಿಲ್ಲವೇ? ಮುಟ್ಟಿ ಮರೆತೆನೇ?

ಅವರು ಫೋನ್ ಮಾಡಿದ್ದು ನಾದಿನಿಗೆ.

ಗಂಡನ ತಂಗಿ ಈಕೆ. ರೈಲಿನ ಸಿಗ್ನಲ್ ನಡೆಸುವ ಪ್ರೋಗ್ರಾಂಗಳಲ್ಲಿ ತಪ್ಪು ಹುಡುಕುವುದು ಆಕೆಯ ಉದ್ಯೋಗವಾಗಿತ್ತು. ಭಾಗಾಕಾರದಲ್ಲಿ ಎಲ್ಲರೂ ಭಾಗಲಬ್ಧ ನೋಡಿ ತೃಪ್ತರಾಗುತ್ತಾರೆ, ಶೇಷವನ್ನು ಯಾರೂ ವಿಚಾರಿಸುವುದಿಲ್ಲ ಎಂಬುದು ಆಕೆಯ ಬಹುಕಾಲದ ಆಕ್ಷೇಪ. ಯಾರು ಏನು ಹೇಳಿದರೂ "ಶೇಷ ಏನು ಉಳೀತು?" ಎಂದು ಕೇಳಿ ಕೇಳಿ ಮನೆಮಂದಿಯ ಬಾಯಲ್ಲಿ ಶೇಷಕ್ಕ ಆಗಿದ್ದಳು.

ಮಧ್ಯಾಹ್ನದೊಳಗೆ ಶೇಷಕ್ಕ ಬಂದಳು. ಕೈಚೀಲ ಕೆಳಗಿಡುವ ಮೊದಲೇ ಪ್ರಶ್ನೆ.

"ಯಾವಾಗಿಂದ ಅತ್ತಿಗೆ?"

"ಹೊಸ ಕಂಪ್ಯೂಟರ್ ಬಂದ ಮೇಲೆ. ಹಳೆ ಪ್ರೋಗ್ರಾಂ ಅದರಲ್ಲಿ ಓಡಲ್ಲ ಅಂತ ಓರಣಪ್ಪನ್ನ ಕರೆಸಿ ಹೊಸದು ಮಾಡಿಸಿದ್ರು."

"ಓರಣಪ್ಪ ಯಾರು?"

"ಪ್ರೋಗ್ರಾಂ ಬರೆಯೋನು. ಚಪ್ಪಲೀನೂ ಗೋಡೆಗೆ ಸಮಾನಾಂತರ ಬಿಡ್ತಾನೆ. ಒಳ್ಳೆಯವನೇ."

"ಅದಕ್ಕೆ ಮುಂಚೆ ಯಾವತ್ತೂ ಹೋಗಿರ್ಲಿಲ್ವಾ?"

ದೊಡ್ಡಮ್ಮ ಯೋಚಿಸಿದರು. "ಮೊಟ್ಟಮೊದಲು ಒಂದ್ಸಲ ಹೀಗಾಗಿತ್ತು. ನಿಮ್ಮಣ್ಣ ಕೂತು ಅದೇನೋ ಸರಿ ಮಾಡಿದ್ರು. ಆಮೇಲೆ ಇಷ್ಟು ವರ್ಷ ಇಲ್ಲ."

ಶೇಷಕ್ಕ ಒಂದು ಕ್ಷಣ ಅತ್ತಿಗೆಯ ಮುಖವನ್ನೇ ನೋಡಿದಳು. ಚುರುಕನ ಕಡೆ ತಿರುಗಿದಳು.

"ಏನಪ್ಪಾ, ನಮ್ಮತ್ತಿಗೆ ಕುರ್ಚಿ ಮೇಲೆ ಆಸೆಯಾ?"

"ಅಯ್ಯೋ, ಬಿಡ್ತು ಅನ್ನಿ! ಅವರ ಕೈಗೆ ನನ್ನ ಕೈ ಸಾಟೀನಾ? ನಾನು ಬರೆದ ಕಣ್ಣು ಸುಮ್ನೆ ನೋಡುತ್ತೆ. ಅವರು ಬರೆದದ್ದು ಈಗ ಮಿಟುಕುತ್ತೆ ಅನ್ನಿಸುತ್ತೆ." ಅವನ ಕಿವಿ ಕೆಂಪಾಗಿತ್ತು. "ಮಾವ ಕೊಟ್ರು ಅಂತ ತಗೊಂಡೆ. ನಿಜ ಹೇಳ್ಬೇಕಂದ್ರೆ, ಆ ಬಡಗಿ ಕಣ್ಣಲ್ಲಿ ಒಂದು ಸಾಸಿವೆ ಬಣ್ಣದ ಚುಕ್ಕೆ ಇದೆ. ತಗೊಂಡಾಗಿಂದ ಮೂರು ಸಲ ಅಳಿಸಿದ್ದೀನಿ."

"ನಿನ್ನ ಮೇಜಲ್ಲಿ ಚಿತ್ರ ಹೋಗಿದೆಯಾ, ಯಾವತ್ತಾದ್ರೂ?"

"ಒಂದ್ಸಲಾನೂ ಇಲ್ಲ. ಅದೇ ಕಂಪ್ಯೂಟರು, ಅದೇ ಪ್ರೋಗ್ರಾಂ."

"ಒಂದೊಂದು ಫೋಟೋ ಎಷ್ಟು ಹೊತ್ತು ಇಟ್ಕೊಂಡಿರ್ತೀಯ?"

"ಇಟ್ಕೊಳ್ಳೋದಾ? ಎದುರಿಂದ ಒಂದು, ಪಕ್ಕದಿಂದ ಒಂದು, ನೆರಳಲ್ಲಿ ಒಂದು — ತಿರುವಿ ಹಾಕ್ತಾ ಇರ್ತೀನಿ. ಒಂದನ್ನೇ ನೋಡ್ತಾ ಕೂತ್ರೆ ನನಗೆ ನಿದ್ದೆ ಬರುತ್ತೆ, ಮೇಡಂ."

"ಸರಿ. ಈಗ ಬೇಕಂತಲೇ ಒಂದು ಫೋಟೋ ಮುಚ್ಚು. ಬಟನ್ ಒತ್ತಿ."

ಚುರುಕ ಒತ್ತಿದ. ಚಿತ್ರ ಹೋಯಿತು, ಅದರೊಡನೆ ಚೌಕಟ್ಟೂ ಬೆರಳಗಲಕ್ಕೆ ಮುದುಡಿಕೊಂಡಿತು. ಅದರೊಳಗೆ ಸಣ್ಣ ಅಕ್ಷರ ಮೂಡಿತು: "ಚಿತ್ರ ತೆರೆದಿಲ್ಲ."

ಶೇಷಕ್ಕ ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿದಳು.

"ಅತ್ತಿಗೆ, ಬೆಳಿಗ್ಗೆ ಹೀಗೆ ಮುದುಡಿತ್ತಾ?"

"ಇಲ್ಲ. ಅಷ್ಟೇ ಅಗಲ ಇತ್ತು. ಬರೀ ಖಾಲಿ."

"ಈ ಅಕ್ಷರ?"

"ಇರ್ಲಿಲ್ಲ."

"ಮೇಲಿನ ಬಟನ್‌ಗಳ ಚಿತ್ರ?"

"ಅವೆಲ್ಲ ಇದ್ವು."

"ಹೂಂ," ಎಂದಳು ಶೇಷಕ್ಕ. "ಆ ಓರಣಪ್ಪನ್ನ ಕರೆಸಿ."

ಓರಣಪ್ಪ ಬಂದ. ಬಂದವನು ಮೊದಲು ಮೇಜಿನ ಮೇಲೆ ಓರೆಯಾಗಿದ್ದ ಪೆನ್ಸಿಲನ್ನು ನೇರ ಮಾಡಿದ. ದೂರು ಕೇಳಿ ಅವನ ಮುಖ ಬಿಗಿಯಿತು.

"ಚಿತ್ರ ಮಾಯ ಆಗೋಕೆ ಇದೇನು ಜಾದೂನಾ ಮೇಡಂ? ನಾನು ಪರೀಕ್ಷೆ ಮಾಡಿ ಕೊಟ್ಟಿದ್ದೀನಿ."

"ಏನೇನು ಬದಲಾಯಿಸಿದ್ರಿ?"

"ಪ್ರೋಗ್ರಾಂ ಬರೆದಿರೋ ಭಾಷೆಯ ಹಳೆ ಆವೃತ್ತಿ ಹೊಸ ಕಂಪ್ಯೂಟರಲ್ಲಿ ನಡೆಯಲ್ಲ. ಹೊಸ ಆವೃತ್ತಿಗೆ ತಂದೆ. ಕಿಟಕಿ, ಬಟನ್, ಚಿತ್ರ ಇವನ್ನ ಪರದೆ ಮೇಲೆ ಮೂಡಿಸೋದು ಭಾಷೆ ಅಲ್ಲ. ಅದಕ್ಕೆ ಬೇರೆ ಟೂಲ್‌ಕಿಟ್ ಇದೆ. ಅದು ಹಳೇದೇ."

"ಅಲ್ಲೇ ಇರ್ಬೇಕು!" ಎಂದ ಚುರುಕ. "ಹೊಸ ಭಾಷೆ, ಹಳೆ ಟೂಲ್‌ಕಿಟ್. ಅತ್ತೆ ಸೊಸೆ ಕಥೆ."

"ಲೋ, ನೀನು ಸುಮ್ನಿರು," ಎಂದರು ಯಜಮಾನರು.

ಓರಣಪ್ಪ ಕೆರಳಿದ. "ಎರಡಕ್ಕೂ ಹೊಂದಾಣಿಕೆ ಇದೆ. ಭಾಷೇಲಿ ತಪ್ಪಿಲ್ಲ, ಟೂಲ್‌ಕಿಟ್ಟಲ್ಲೂ ತಪ್ಪಿಲ್ಲ. ಬೇಕಾದ್ರೆ ಒಂದೊಂದನ್ನೇ ಪರೀಕ್ಷೆ ಮಾಡಿ."

"ಮಾಡೋದು ಬೇಡ. ನಂಬ್ತೀನಿ," ಎಂದಳು ಶೇಷಕ್ಕ. "ಎರಡೂ ಮನೆಯವರು ಒಳ್ಳೆಯವರೇ. ನಡುಗೋಡೆ ಯಾರದ್ದು ಅನ್ನೋದೇ ಪ್ರಶ್ನೆ. ಶೇಷ ಏನು ಉಳೀತು? ಆವೃತ್ತಿ ಬದಲಾಯಿಸಿದ್ದು ಬಿಟ್ಟು ಇನ್ನೇನು ಮಾಡಿದ್ರಿ?"

"ಇನ್ನೇನಿಲ್ಲ. ಸ್ವಲ್ಪ ಚೊಕ್ಕಟ ಮಾಡಿದೆ, ಅಷ್ಟೇ."

"ಅಂದ್ರೆ?"

"ಮೇಡಂ, ಹಳೆಯವರು ಬರೆದ ಪ್ರೋಗ್ರಾಂ ಅಂದ್ರೆ ಅಟ್ಟದ ಹಾಗೆ. ಬೇಡದ್ದು ಸೇರಿರುತ್ತೆ. ಆದ್ರೆ ಇವರದ್ದು..." ಅವನು ದೊಡ್ಡಮ್ಮನ ಕಡೆ ನೋಡಿದ. ದನಿ ತಗ್ಗಿತು. "ನಿಜ ಹೇಳ್ತೀನಿ, ಇಷ್ಟು ಅಚ್ಚುಕಟ್ಟಾಗಿ ಬರೆದದ್ದನ್ನ ನಾನು ನೋಡೇ ಇರ್ಲಿಲ್ಲ. ಓದ್ತಾ ಓದ್ತಾ ನನ್ನ ಕೆಲಸಾನೇ ಮರೆತೆ. ಇಡೀ ಪ್ರೋಗ್ರಾಮಲ್ಲಿ ಬೇಡದ್ದು ಅಂತ ಸಿಕ್ಕಿದ್ದು ಒಂದೇ ಸಾಲು."

ಶೇಷಕ್ಕನ ಹುಬ್ಬು ಏರಿತು. "ಒಂದೇ?"

"ಒಂದೇ. ಅದನ್ನ ತೆಗೆದೆ."

"ನಮ್ಮಣ್ಣ," ಎಂದಳು ಶೇಷಕ್ಕ ನಿಧಾನವಾಗಿ, "ಊಟಕ್ಕೆ ಬಾ ಅಂತ ಕರೆದ್ರೆ ಬಂದೆ ಅಂತಲೂ ಹೇಳ್ತಿರ್ಲಿಲ್ಲ. ಬರ್ತಿದ್ದ, ಅಷ್ಟೇ. ಹೇಗಿದ್ರೂ ಕಾಣುತ್ತಲ್ಲ, ಹೇಳೋದ್ಯಾಕೆ ಅನ್ನೋ ಜಾತಿ. ಅವನು ಬೇಡದ ಒಂದು ಸಾಲು ಬರೆದಿದ್ದಾನೆ ಅಂದ್ರೆ—" ಮಾತು ಅಲ್ಲಿಗೆ ನಿಲ್ಲಿಸಿದಳು. "ಚುರುಕ, ಬಡಗಿಯ ಕಣ್ಣಿನ ಫೋಟೋ ತೆರಿ. ನಿನ್ನ ಕಂಪ್ಯೂಟರಲ್ಲಿ. ಅತ್ತಿಗೆಯದ್ದರಲ್ಲಿ ಅಲ್ಲ."

ಕಣ್ಣು ಮೂಡಿತು.

"ಎಲ್ಲರೂ ಕುರ್ಚಿ ಎಳ್ಕೊಳ್ಳಿ. ಕೈ ಮಡಿಲಲ್ಲಿ. ಯಾರೂ ಮುಟ್ಟೋ ಹಾಗಿಲ್ಲ. ನೋಡಿ."

"ಎಷ್ಟು ಹೊತ್ತು?" ಯಜಮಾನರು ಕೇಳಿದರು.

"ಅತ್ತಿಗೆ ನೋಡುವಷ್ಟು ಹೊತ್ತು."

ಕೂತರು. ಮೊದಮೊದಲು ಎಲ್ಲರೂ ಕಣ್ಣನ್ನು ನೋಡಿದರು. ಬಳಿಕ ಒಬ್ಬರನ್ನೊಬ್ಬರು ನೋಡಿದರು. ಒಲೆ ಆರುತ್ತ ಟಿಕ್ ಟಿಕ್ ಸದ್ದು ಮಾಡಿತು. ಯಜಮಾನರು ಆಕಳಿಸಿ, ಆಕಳಿಕೆಗೆ ಕೈ ಅಡ್ಡ ಹಿಡಿಯಲು ಹೋಗಿ, ಶೇಷಕ್ಕನ ನೋಟಕ್ಕೆ ಕೈ ಇಳಿಸಿದರು. ಚುರುಕನಿಗೆ ಅವನೇ ಹೇಳಿದ್ದಂತೆ ನಿದ್ದೆ ಬಂತು. ಓರಣಪ್ಪನ ಕಣ್ಣು ಗೋಡೆಯ ಮೇಲೆ ವಾಲಿದ್ದ ಕ್ಯಾಲೆಂಡರಿನ ಕಡೆ ಮತ್ತೆ ಮತ್ತೆ ಹೋಗುತ್ತಿತ್ತು.

ದೊಡ್ಡಮ್ಮ ಮಾತ್ರ ಕಣ್ಣನ್ನೇ ನೋಡುತ್ತಿದ್ದರು. ಪರೀಕ್ಷೆ ನಡೆಯುತ್ತಿದೆ ಎಂಬುದೇ ಅವರಿಗೆ ಮರೆತಂತಿತ್ತು. ಕಂದು ವೃತ್ತದ ಅಂಚಿನಲ್ಲಿ ಹೊಗೆಯ ಬಣ್ಣದ ಬಳೆ, ಅದರೊಳಗೆ ಜೇನಿನ ಬಣ್ಣ, ಪಾಪೆಯ ಪಕ್ಕದಲ್ಲಿ ಆ ಸಾಸಿವೆಯ ಚುಕ್ಕೆ. ಚುಕ್ಕೆ ದುಂಡಗಿಲ್ಲ — ಈಗ ಕಂಡಿತು — ಅದಕ್ಕೆ ಒಂದು ಸಣ್ಣ ಬಾಲವಿದೆ. ಚುರುಕನ ಕುಂಚಕ್ಕೆ ಅದು ಒಲಿಯದೆ ಇದ್ದದ್ದು ಅದಕ್ಕೇ—

ಕಣ್ಣು ಹೋಯಿತು.

ಸದ್ದಿಲ್ಲ, ಮಿಂಚಿಲ್ಲ. ಇತ್ತು, ಇಲ್ಲ. ಚೌಕಟ್ಟು ಹಾಗೆಯೇ ಅಗಲವಾಗಿ ಬೂದಾಗಿ ನಿಂತಿತ್ತು. ಮೂಲೆಯ ಗಡಿಯಾರ ಓಡುತ್ತಲೇ ಇತ್ತು.

"ಅಯ್ಯೋ!" ಚುರುಕ ಕುರ್ಚಿಯಿಂದ ನೆಗೆದ. "ನಾನಲ್ಲ! ನನ್ನ ಕೈ ಇಲ್ಲೇ ಇತ್ತು!"

"ಯಾರ ಕೈಯೂ ಅಲ್ಲ," ಎಂದಳು ಶೇಷಕ್ಕ.

ದೊಡ್ಡಮ್ಮ ತಮ್ಮ ಎರಡೂ ಅಂಗೈಗಳನ್ನು ಮಡಿಲಲ್ಲಿ ತಿರುಗಿಸಿ ನೋಡಿಕೊಂಡರು. ಮುಟ್ಟಿರಲಿಲ್ಲ. ಮರೆತಿರಲೂ ಇಲ್ಲ.

ಯಜಮಾನರು ಕುರ್ಚಿ ಮುಂದೆಳೆದುಕೊಂಡರು. "ಹಾಗಾದ್ರೆ... ಕಳ್ಳ ಯಾರು?"

"ಕಳ್ಳ ಇಲ್ಲ. ಕಸ ಗುಡಿಸೋನು ಇದ್ದಾನೆ. ಅವನ ದಾರಿಯಲ್ಲಿದ್ದ ಅಡ್ಡಿ ತೆಗೆದವರು—" ಶೇಷಕ್ಕ ಓರಣಪ್ಪನ ಕಡೆ ತಿರುಗಿದಳು, "—ಇವರು."

"ನಾನಾ?"

"ನಿಮ್ಮೆಲ್ಲರ ಕಣ್ಣ ಮುಂದೆಯೇ ಇದ್ದ ಗುರುತು ಆ ಚೌಕಟ್ಟು. ಮನುಷ್ಯರ ಕೈ ಚಿತ್ರ ಮುಚ್ಚಿದ್ರೆ ಚೌಕಟ್ಟು ಮುದುಡುತ್ತೆ, ಅಕ್ಷರ ಬರುತ್ತೆ. ಅತ್ತಿಗೆ ಹತ್ತಿರ ಮುದುಡಿರ್ಲಿಲ್ಲ. ಅಂದ್ರೆ ಕಿಟಕಿಗೆ ಚಿತ್ರ ಹೋದದ್ದೇ ಗೊತ್ತಿಲ್ಲ. ಇನ್ನೂ ತೋರಿಸ್ತಾ ಇದ್ದೀನಿ ಅಂದ್ಕೊಂಡಿದೆ. ಇದು ಒತ್ತಿ ಮರೆತವರ ಕೆಲಸ ಅಲ್ಲ. ಅಲ್ಲಿಗೆ ಅತ್ತಿಗೆ ಲೆಕ್ಕದಿಂದ ಹೊರಗೆ."

"ಮುಂದೆ?" ಎಂದರು ಯಜಮಾನರು.

"ಈ ಭಾಷೆಯೊಳಗೆ ಒಬ್ಬ ಕಸ ಗುಡಿಸೋನು ಇರ್ತಾನೆ. ಪ್ರೋಗ್ರಾಂ ನಡೀತಾ ನಡೀತಾ ಚೂರುಪಾರು ಬೀಳುತ್ತೆ. ಆ ಗಡಿಯಾರ ಇದೆಯಲ್ಲ, ಅಂಕಿ ಬದಲಾದಾಗೆಲ್ಲ ಹಳೇ ಅಂಕಿ ಕಸವೇ. ಕಸ ರಾಶಿ ಬಿದ್ದಾಗ ಅವನು ಬರ್ತಾನೆ. ಒಂದೊಂದು ವಸ್ತುವನ್ನೂ ಎತ್ತಿ 'ಇದು ಯಾರದು?' ಅಂತಾನೆ. ಪ್ರೋಗ್ರಾಮಲ್ಲಿ ಯಾರಾದ್ರೂ ಅದನ್ನ ಹಿಡ್ಕೊಂಡಿದ್ರೆ ಬಿಡ್ತಾನೆ. ಇಲ್ಲಾಂದ್ರೆ ಗುಡಿಸ್ತಾನೆ. ತಪ್ಪಲ್ಲ, ಅವನ ಧರ್ಮ."

"ಆದ್ರೆ ಚಿತ್ರವನ್ನ ಕಿಟಕಿ ಹಿಡ್ಕೊಂಡಿದೆಯಲ್ಲ!" ಎಂದ ಓರಣಪ್ಪ.

"ಹಿಡ್ಕೊಂಡಿಲ್ಲ. ಕಿಟಕಿ ಕಟ್ಟೋ ಟೂಲ್‌ಕಿಟ್ ಬೇರೆ ಮನೇದು. ಚಿತ್ರದ ಹೆಸರು ಮಾತ್ರ ಕೇಳ್ಕೊಂಡಿದೆ. 'ಇದು ನನಗೆ ಬೇಕು' ಅಂತ ಭಾಷೆಗೆ ಹೇಳಿಲ್ಲ. ಹೇಳೋ ಪದ್ಧತಿ ಅವರಿಬ್ಬರ ನಡುವೆ ಇಲ್ಲ. ಫೋಟೋ ತಂದ ಕೆಲಸದವನು, ಅಂದ್ರೆ ಪ್ರೋಗ್ರಾಮಿನ ಆ ತುಣುಕು, ತಂದುಕೊಟ್ಟು ಮನೆಗೆ ಹೋದ. ಈಗ ಫೋಟೋ ಯಾರದು? ಗುಡಿಸೋನ ಲೆಕ್ಕದಲ್ಲಿ ಯಾರದೂ ಅಲ್ಲ."

ಚುರುಕ ತಲೆ ಕೆರೆದುಕೊಂಡ. "ಹಾಗಾದ್ರೆ ನನ್ನ ಮೇಜಲ್ಲಿ ಯಾಕೆ ಗುಡಿಸ್ಲಿಲ್ಲ?"

"ಗುಡಿಸಿದ್ದಾನೆ. ನೀನು ಬಿಟ್ಟುಹೋದದ್ದನ್ನ ಗುಡಿಸಿದ್ದಾನೆ. ಅಷ್ಟರಲ್ಲಿ ನೀನು ಇನ್ನೊಂದು ಫೋಟೋ ತೆರೆದಿರ್ತೀಯ. ಅವನು ಬರೋ ತನಕ ಒಂದೇ ಕಣ್ಣನ್ನ ನೋಡ್ತಾ ಕೂರೋ ತಾಳ್ಮೆ ಈ ಕಟ್ಟಡದಲ್ಲಿ ಒಬ್ಬರಿಗೇ ಇರೋದು. ನೀವೆಲ್ಲ ಅದನ್ನ ಮರೆವು ಅಂದ್ರಿ."

ಅವಳು ಓರಣಪ್ಪನ ಕಡೆ ತಿರುಗಿದಳು.

"ಪರೀಕ್ಷೆ ಮಾಡಿದೆ ಅಂದ್ರಲ್ಲ ಓರಣಪ್ಪ, ಎಷ್ಟು ಹೊತ್ತು ನೋಡಿದ್ರಿ?"

"ತೆರೆದೆ... ಬಂತು... ಮುಚ್ಚಿದೆ." ಅವನಿಗೆ ಈಗ ಎಲ್ಲವೂ ತಿಳಿಯುತ್ತಿತ್ತು. ತಾನಾಗಿಯೇ ಮುಂದುವರಿಸಿದ: "ಆ ಸಾಲು. ತೆರೆದ ಫೋಟೋವನ್ನ ಒಂದು ಹೆಸರಿಗೆ ಕಟ್ಟಿ ಇಡ್ತಿತ್ತು. ಆ ಹೆಸರನ್ನ ಪ್ರೋಗ್ರಾಮಲ್ಲಿ ಬೇರೆಲ್ಲೂ, ಯಾರೂ ಓದ್ತಿರ್ಲಿಲ್ಲ. ಯಾರೂ ಓದದ ಸಾಲು ಯಾಕೆ ಅಂತ ಕಿತ್ತೆ. ಬಟನ್ ಚಿತ್ರಗಳ ಹೆಸರನ್ನ ಬೇರೆ ಕಡೆ ಓದ್ತಾರೆ, ಅವನ್ನ ಮುಟ್ಟಲಿಲ್ಲ. ಅದಕ್ಕೇ ಅವು ಉಳಿದ್ವು."

"ಅದು ಓದೋಕೆ ಬರೆದ ಸಾಲಲ್ಲ. ಗೂಟ. ದನ ಕಟ್ಟೋ ಗೂಟವನ್ನ ಯಾರಾದ್ರೂ ಓದ್ತಾರಾ? ಗುಡಿಸೋನು 'ಯಾರದು' ಅಂದಾಗ 'ನನ್ನದು' ಅನ್ನೋಕೆ ಒಬ್ಬ ಬೇಕಿತ್ತು. ಎರಡು ಮನೆಯವರೂ ಆಡದ ಮಾತನ್ನ ಅಣ್ಣ ಒಂದು ಸಾಲಲ್ಲಿ ಆಡಿಸಿದ್ದ. ಇಡೀ ಪ್ರೋಗ್ರಾಮಲ್ಲಿ ಬೇಡದ್ದು ಒಂದೇ ಸಾಲು ಅಂದ್ರಲ್ಲ, ನನಗೆ ಆಗಲೇ ತಿಳೀತು. ಅವನು ಬರೆದದ್ದರಲ್ಲಿ ಬೇಡ ಅನ್ನಿಸೋ ಸಾಲು ಇದ್ರೆ, ಎಲ್ಲಕ್ಕಿಂತ ಬೇಕಾದ್ದು ಅದೇ."

ಓರಣಪ್ಪ ಎದ್ದು ಬಂದು ದೊಡ್ಡಮ್ಮನ ಮುಂದೆ ನಿಂತ. "ತಪ್ಪಾಯ್ತು. ಇಷ್ಟು ಚೆನ್ನಾಗಿ ಬರೆದಿದ್ದಾರೆ ಅಂತ ಗೊತ್ತಿದ್ದೂ, ಒಂದು ಸಾಲಲ್ಲಿ ಅವರನ್ನ ನಂಬಲಿಲ್ಲ."

"ಕೂತ್ಕೋಪ್ಪ," ಎಂದರು ದೊಡ್ಡಮ್ಮ. "ಕಟ್ಟು ಗೂಟ. ನನಗೆ ಕೆಲಸ ಇದೆ."

ಯಜಮಾನರು ಚುರುಕನ ಮೇಜಿನಿಂದ ಬಡಗಿಯ ಅರೆಬರೆ ಕಣ್ಣನ್ನು ತಾವೇ ಎತ್ತಿ ತಂದು ದೊಡ್ಡಮ್ಮನ ಮುಂದಿಟ್ಟರು. ಕ್ಷಮೆ ಕೇಳುವುದು ಅವರಿಗೆ ಬಾರದ ವಿದ್ಯೆ. ದೀಪವನ್ನು ಸ್ವಲ್ಪ ಹತ್ತಿರ ಸರಿಸಿಕೊಟ್ಟರು.

"ಚುಕ್ಕೆಗೆ ಬಾಲ ಇದೆ ಕಣೋ," ಎಂದರು ದೊಡ್ಡಮ್ಮ ಚುರುಕನಿಗೆ. "ಪಕ್ಕ ಕೂತು ನೋಡು. ನಿದ್ದೆ ಮಾಡಿದ್ರೆ ಕುಂಚದಲ್ಲಿ ತಿವೀತೀನಿ."

ಓರಣಪ್ಪ ಹಳೆಯ ಪ್ರತಿಯಿಂದ ಸಾಲನ್ನು ಅಕ್ಷರ ತಪ್ಪದಂತೆ ನಕಲು ಮಾಡಿದ. ಎರಡೂ ಕಂಪ್ಯೂಟರುಗಳಲ್ಲಿ ಹಾಕಿದ. ಬಳಿಕ ಕೈ ತಡೆದ.

"ಮೇಡಂ, ಇದರ ಮೇಲೆ ಒಂದು ಟಿಪ್ಪಣಿ ಬರೀಬೇಕು. ಇಲ್ಲಾಂದ್ರೆ ನಾಳೆ ನನ್ನಂಥ ಇನ್ನೊಬ್ಬ ಬಂದು ಕೀಳ್ತಾನೆ. ಏನಂತ ಬರೀಲಿ?"

ಶೇಷಕ್ಕ ಭಾಷೆ, ಟೂಲ್‌ಕಿಟ್ಟು, ಕಸ ಎಂದು ವಾಕ್ಯ ಹೊಸೆಯತೊಡಗಿದಳು. ದೊಡ್ಡಮ್ಮ ಪರದೆಯಿಂದ ನೋಟ ಕದಲಿಸದೆ ಹೇಳಿದರು:

"ಮೊದಲ ಸಲ ಸರಿ ಮಾಡಿ ಎದ್ದಾಗ ಅವರು ಒಂದು ಮಾತು ಹೇಳಿದ್ರು. ಅದನ್ನೇ ಬರಿ. 'ಇನ್ನು ಹೋಗಲ್ಲ. ಎಷ್ಟು ಹೊತ್ತು ಬೇಕಾದ್ರೂ ನೋಡ್ಕೋ.'"

ಓರಣಪ್ಪ ಬರೆದ. ಅದರ ಕೆಳಗೆ, ತನ್ನ ಸಮಾಧಾನಕ್ಕೆ, "ಕೀಳಬೇಡಿ" ಎಂದೂ ಸೇರಿಸಿದ.

ದೊಡ್ಡಮ್ಮ ಬೆಳಕನ್ನು ಮತ್ತೆ ಮೊದಲಿನಿಂದ ತಿದ್ದಿ ಹದಕ್ಕೆ ತಂದರು. ಕೈಕಟ್ಟಿ ಕೂತರು. ಮೂಲೆಯ ಗಡಿಯಾರ ಓಡಿತು, ಕಸ ಬಿತ್ತು, ಗುಡಿಸುವವನು ಬಂದಿರಬೇಕು, ಕೇಳಿರಬೇಕು, ಉತ್ತರ ಪಡೆದು ಹೋಗಿರಬೇಕು. ಹೊರಗಿನ ಬೆಳಕು ಇಳಿಯುವ ಹೊತ್ತಿಗೆ ಅವರು ಕುಂಚದ ತುದಿಗೆ ಸಾಸಿವೆ ಹಳದಿಯನ್ನು ತಾಗಿಸಿಕೊಂಡು ಚುಕ್ಕೆ ಇಟ್ಟರು. ಬಾಲ ಎಳೆದರು.

ತಲೆಯೆತ್ತಿದರು. ಬಡಗಿಯ ಕಣ್ಣು ಅಲ್ಲೇ ಇತ್ತು.